ಸಿಕ್ಸ್ ಪ್ಯಾಕೂ ಬೇಕು, ಬೆಣ್ಣೆ ದೋಸೆನೂ ಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ದಾವಣಗೆರೇಲಿ ಒಂದು ಸಣ್ಣ ಜಿಮ್‌ನಲ್ಲಿ ಬೆಳಗ್ಗೆ ಐದೂವರೆಯಿಂದ ಒಂಬತ್ತರ ತನಕ ಇರ್ತೀನಿ, ಹನ್ನೊಂದು ವರ್ಷ ಆಯ್ತು. ಡಂಬಲ್ ಹೆಂಗೆ ಎತ್ತೋದು ಅಂತ ಕೇಳೋರು ಕಮ್ಮಿ, ಊಟದ ಬಗ್ಗೆ ಕೇಳೋರೇ ಜಾಸ್ತಿ, ಅದೂ ಹೊಸಬ್ರು ಬಂದಂಗೆಲ್ಲ ಅವೇ ಪ್ರಶ್ನೆ ಮತ್ತೆ ಮತ್ತೆ. ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೆ ಒಂದ್ಸಲ ಬರೆದು ಹಾಕಿಬಿಡೋಣ ಅಂತ. ನಾನು ಡಾಕ್ಟರ್ ಅಲ್ಲ, ಶುಗರ್, ಬಿಪಿ, ಥೈರಾಯ್ಡ್, ಕಿಡ್ನಿ ಅಂತ ಮಾತ್ರೆ ತಗೊಳ್ಳೋರು, ಬಸುರಿ ಬಾಣಂತೀರು, ಹದಿನೆಂಟು ತುಂಬದ ಹುಡುಗ್ರು ಇದನ್ನ ಓದಿ ಊಟ ಬದಲಾಯಿಸೋಕೆ ಹೋಗ್ಬೇಡಿ, ಮೊದ್ಲು ನಿಮ್ಮ ಡಾಕ್ಟರ್ ಹತ್ರ ಮಾತಾಡಿ.

ಅಣ್ಣ, ಎಷ್ಟು ದಿನಕ್ಕೆ ಪ್ಯಾಕ್ ಬರುತ್ತೆ?

ಪ್ಯಾಕ್ ಬರೋದಲ್ಲ ಮಗಾ, ಈಗ್ಲೇ ಇದಾವೆ. ಪಕ್ಕೆಲುಬಿನ ಕೆಳಗಿಂದ ಸೊಂಟದ ಮೂಳೆ ತನಕ ಉದ್ದಕ್ಕೆ ಒಂದು ಸ್ನಾಯು ಇರುತ್ತೆ, ರೆಕ್ಟಸ್ ಅಬ್ಡಾಮಿನಿಸ್ ಅಂತ, ಅದನ್ನ ಅಡ್ಡಡ್ಡ ನಾರಿನ ಪಟ್ಟಿಗಳು ಕಟ್ಟಿರ್ತವೆ, ಮಧ್ಯದಲ್ಲಿ ಉದ್ದಕ್ಕೊಂದು ಗೆರೆ. ಮಂಚಕ್ಕೆ ಪಟ್ಟಿ ಬಿಗಿದಂಗೆ ಅಂದ್ಕೊಳ್ಳಿ, ಪಟ್ಟಿ ಮಧ್ಯೆ ಉಬ್ಬಿರೋದೇ ಪ್ಯಾಕ್. ಅದರ ಮೇಲೆ ಕೊಬ್ಬಿನ ಕಂಬಳಿ ಹೊದ್ಕೊಂಡು ಕೂತಿದೀವಿ, ಅಷ್ಟೇ ವಿಷಯ. ಗಂಡಸರಿಗೆ ಮೈಯಲ್ಲಿ ಕೊಬ್ಬು ಸುಮಾರು 10ರಿಂದ 12 ಪರ್ಸೆಂಟ್‌ಗೆ ಇಳಿದಾಗ ಚೆನ್ನಾಗಿ ಕಾಣುತ್ತೆ, 15ರ ಹತ್ರ ಬಂದ್ರೆ ಲೈಟ್ ಸರಿ ಬಿದ್ದಾಗ ಮೇಲಿನ ಎರಡು ಕಾಣ್ತವೆ.

ಲೆಕ್ಕ ಹಾಕೋಣ ಬನ್ನಿ. ನೀನು 78 ಕೆಜಿ, ಕೊಬ್ಬು 25 ಪರ್ಸೆಂಟ್ ಅಂದ್ರೆ ಹತ್ತೊಂಬತ್ತೂವರೆ ಕೆಜಿ ಕೊಬ್ಬು, ಉಳಿದಿದ್ದು 58.5. ಆ 58.5ನ್ನ ಕಳ್ಕೊಳ್ಳದೇ 12 ಪರ್ಸೆಂಟ್‌ಗೆ ಬಂದ್ರೆ ನಿನ್ನ ತೂಕ ಅರವತ್ತಾರೂವರೆ ಆಗ್ಬೇಕು. ಅಂದ್ರೆ ಹತ್ರ ಹತ್ರ ಹನ್ನೆರಡು ಕೆಜಿ ಇಳೀಬೇಕು. ವಾರಕ್ಕೆ ಅರ್ಧ ಕೆಜಿ ಹೋದ್ರೆ 24 ವಾರ, ಮಧ್ಯೆ ಮದುವೆ, ಜ್ವರ, ಹಬ್ಬ ಎಲ್ಲ ಸೇರಿಸಿ ಏಳು ತಿಂಗಳು. ಯುಗಾದಿಗೆ ಶುರು ಮಾಡಿದ್ರೆ ದೀಪಾವಳಿಗೆ. 30 ದಿನ ಅಂತ ಯಾರಾದ್ರೂ ಹೇಳಿದ್ರೆ ಅವ್ರ ಹತ್ರ ಮಾರೋಕೆ ಏನೋ ಇದೆ ಅಂತರ್ಥ.

ದಿನಾ 200 ಕ್ರಂಚಸ್ ಹೊಡಿತೀನಿ, ಹೊಟ್ಟೆ ಯಾಕೆ ಕರಗ್ತಿಲ್ಲ?

ಕ್ರಂಚಸ್ ಸ್ನಾಯುಗೆ ಕೆಲಸ ಕೊಡುತ್ತೆ, ಅದರ ಮೇಲಿನ ಕೊಬ್ಬನ್ನ ತೆಗೆಯಲ್ಲ. ಇಂಥಾ ಜಾಗದ ಕೊಬ್ಬೇ ಹೋಗ್ಲಿ ಅಂತ ಆರ್ಡರ್ ಕೊಡೋಕೆ ಆಗಲ್ಲ. ಬೇಸಿಗೇಲಿ ನಮ್ಮ ಸೂಳೆಕೆರೆ ನೋಡಿದ್ರೆ ಗೊತ್ತಾಗುತ್ತೆ, ನೀರು ಇಳಿಯೋದು ಇಡೀ ಕೆರೇದು, ಮೊದ್ಲು ಅಂಚು ಒಣಗುತ್ತೆ, ಗುಂಡಿ ಇರೋ ಕಡೆ ಕೊನೆಗೆ. ಗಂಡಸರಿಗೆ ಆ ಗುಂಡಿ ಹೊಕ್ಕಳ ಕೆಳಗೆ, ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಸೊಂಟ, ತೊಡೆ. ಮುಖ ಒಣಗಿ ಸಂಬಂಧಿಕರೆಲ್ಲ "ಏನೋ ಕಾಯಿಲೆನಾ?" ಅಂತ ಕೇಳೋ ಹೊತ್ತಿಗೂ ಕೆಳಹೊಟ್ಟೆ ಹಂಗೇ ಇರುತ್ತೆ, ಅಲ್ಲೇ ಎಷ್ಟೋ ಜನ ಬಿಟ್ಟುಬಿಡ್ತಾರೆ.

ಹೊಟ್ಟೆ ವ್ಯಾಯಾಮ ವಾರಕ್ಕೆ ಎರಡು ಮೂರು ಸಲ ಸಾಕು. ಸ್ಕ್ವಾಟ್, ದಂಡ, ಬೈಠಕ್, ಪುಲ್ ಅಪ್ ಬಿಡಬೇಡಿ, ಯಾಕಂದ್ರೆ ತೂಕ ಇಳಿಸುವಾಗ ಭಾರ ಎತ್ತದೇ ಹೋದ್ರೆ ಕೊಬ್ಬಿನ ಜೊತೆ ಸ್ನಾಯುನೂ ಹೋಗುತ್ತೆ, ಕೊನೆಗೆ ಪ್ಯಾಕ್ ಇಲ್ಲದ ಒಣಕಲು ಮೈ ಉಳಿಯುತ್ತೆ.

ಬೆಣ್ಣೆ ದೋಸೆ ಬಿಡ್ಬೇಕಾ?

ಈ ಪ್ರಶ್ನೆ ಕೇಳುವಾಗ ಎಲ್ರ ಮುಖನೂ ಪರೀಕ್ಷೆ ರಿಸಲ್ಟ್ ನೋಡೋಕೆ ಬಂದೋರ ಥರ ಇರುತ್ತೆ. ಬಿಡ್ಬೇಡಿ. ಆದ್ರೆ ಏನು ತಿಂತಿದೀರಿ ಅನ್ನೋದು ಗೊತ್ತಿರ್ಲಿ.

ಹಿಟ್ಟು ಅಕ್ಕಿ, ಉದ್ದು, ಅದ್ರ ಜೊತೆ ನೆನೆಸಿದ ಮಂಡಕ್ಕಿ, ಇದ್ರಲ್ಲಿ ಹೆದರೋ ಅಂಥದ್ದು ಏನಿಲ್ಲ. ಆಲೂಗಡ್ಡೆ ಪಲ್ಯನೂ ಪರವಾಗಿಲ್ಲ, ಸಪ್ಪೆ ಪಲ್ಯ ಅದು. ಲೆಕ್ಕ ತಪ್ಪೋದು ಕಾವಲಿ ಮೇಲೆ. ದೋಸೆ ಬೇಯುವಾಗ ಒಂದ್ಸಲ ಬೆಣ್ಣೆ, ತಿರುವಿದ ಮೇಲೆ ಇನ್ನೊಂದ್ಸಲ, ತಟ್ಟೆಗೆ ಹಾಕಿದ ಮೇಲೆ ಮೇಲೊಂದು ಉಂಡೆ. ಬೆಣ್ಣೆ 100 ಗ್ರಾಂಗೆ 720 ಕ್ಯಾಲೊರಿ ಹತ್ರ ಇರುತ್ತೆ, ಒಂದು ದೋಸೆಗೆ 20 ಗ್ರಾಂ ಅಂತ ಹಿಡಿದ್ರೂ ಬರೀ ಬೆಣ್ಣೆಯಿಂದ್ಲೇ 145. ನಾವು ಒಂದು ದೋಸೆಗೆ ಏಳೋ ಜನ ಅಲ್ವಲ್ಲ. ಮೂರು ದೋಸೆ, ಕಾಯಿ ಚಟ್ನಿ ಎರಡ್ಮೂರು ಸಲ, ಮೇಲೊಂದು ಚಹಾ ಅಂದ್ರೆ ಅರ್ಧ ದಿನದ ಊಟ ಬೆಳಗ್ಗೆ ಎಂಟೂವರೆಗೇ ಮುಗೀತು, ಪ್ರೋಟೀನ್ ನೋಡಿದ್ರೆ ಬರೀ ಹತ್ತು ಹನ್ನೆರಡು ಗ್ರಾಂ.

ನಾನು ಮಾಡೋದು ಹೇಳ್ತೀನಿ. ವಾರಕ್ಕೊಂದು ದಿನ, ಒಂದು ಬೆಣ್ಣೆ ದೋಸೆ, ಅದ್ರ ಜೊತೆ ಒಂದು ಖಾಲಿ ದೋಸೆ, ಆವತ್ತು ಮಧ್ಯಾಹ್ನ ಕಾಳಿನ ಪಲ್ಯ, ಮಜ್ಜಿಗೆ, ಸೌತೆಕಾಯಿ ಮಾತ್ರ. "ಬೆಣ್ಣೆ ಕಮ್ಮಿ ಹಾಕಿ" ಅಂತ ದೋಸೆ ಹಾಕೋರಿಗೆ ಹೇಳೋಕೆ ಹೋಗ್ಬೇಡಿ, ಒಂದ್ಸಲ ಹೇಳಿದ್ದೆ, ಅವ್ರು ಕೈ ನಿಲ್ಲಿಸಿ ನನ್ನ ಮುಖ ನೋಡಿದ ರೀತಿ ಇನ್ನೂ ಮರೆತಿಲ್ಲ.

ಸಾಯಂಕಾಲ ಮಂಡಕ್ಕಿ ಮೆಣಸಿನಕಾಯಿ? ಮಂಡಕ್ಕಿ ಲೈಟ್ ಅಲ್ವಾ?

ಮಂಡಕ್ಕಿ ಲೈಟೇ. ಮಂಡಕ್ಕಿ ಭಟ್ಟಿಯಿಂದ ಬಂದ ಬರೀ ಮಂಡಕ್ಕಿ ಒಂದು ದೊಡ್ಡ ಬಟ್ಟಲು ತುಂಬಿದ್ರೂ 20 ಗ್ರಾಂ ದಾಟಲ್ಲ, 75-80 ಕ್ಯಾಲೊರಿ. ಬಾಯಿ ಆಡಿಸೋಕೆ ಇದಕ್ಕಿಂತ ಒಳ್ಳೇದು ಸಿಗೋದು ಕಷ್ಟ. ಆದ್ರೆ ದಾವಣಗೆರೇಲಿ ಬರೀ ಮಂಡಕ್ಕಿ ಯಾರು ತಿಂತಾರೆ ಸ್ವಾಮಿ.

ಒಂದ್ಸಲ ಹುಚ್ಚು ಹಿಡಿದು ಅಡುಗೆ ತೂಕದ ಮಷಿನ್ ಜೇಬಲ್ಲಿ ಇಟ್ಕೊಂಡು ನಾನು ಯಾವಾಗ್ಲೂ ಹೋಗೋ ಗಾಡಿಗೆ ಹೋದೆ. ಖಾರ ಮಂಡಕ್ಕಿ ಒಂದು ಪ್ಲೇಟ್, ಎರಡು ಮಿರ್ಚಿ ಬಜ್ಜಿ. ಗಾಡಿಯವ್ರು "ಏನ್ ಬಂಗಾರ ತೂಗ್ತೀಯೇನಪ್ಪ" ಅಂದ್ರು, ಅಲ್ಲಿದ್ದೋರೆಲ್ಲ ನಕ್ಕರು. ಪ್ಲೇಟು ಕಳೆದು ಮಂಡಕ್ಕಿ 120 ಗ್ರಾಂ ಬಂತು. ಒಣ ಮಂಡಕ್ಕಿ ಅಷ್ಟು ತೂಗೋಕೆ ಸಾಧ್ಯನೇ ಇಲ್ಲ, ಉಳಿದಿದ್ದೆಲ್ಲ ಒಗ್ಗರಣೆ ಎಣ್ಣೆ, ಹುರಿಗಡಲೆ ಪುಡಿ, ಶೇಂಗಾ, ಈರುಳ್ಳಿ. ಮಿರ್ಚಿ ಒಂದೊಂದು 60 ಗ್ರಾಂ ಮೇಲೆ. ಕಟ್ಟಿಕೊಟ್ಟ ಪೇಪರ್ ಮೇಲೆ ಎರಡು ಮಿರ್ಚಿ ಇಟ್ಟು ಐದು ನಿಮಿಷ ಬಿಟ್ಟೆ, ಆ ಕಡೆ ಪುಟದ ಸುದ್ದಿ ಈ ಕಡೆಯಿಂದ ಓದೋ ಹಾಗಾಯ್ತು, ಅಷ್ಟು ಎಣ್ಣೆ ಕುಡಿದಿತ್ತು. ಒಟ್ಟು 500 ಕ್ಯಾಲೊರಿ ಆಚೀಚೆ ಅಂತ ನನ್ನ ಅಂದಾಜು, ಅದಾಗಿ ರಾತ್ರಿ ಒಂಬತ್ತಕ್ಕೆ ಮನೇಲಿ ಊಟ ಬೇರೆ. ಒಂದು ತುತ್ತೂ ಕಮ್ಮಿ ಮಾಡದೇ, ಎರಡು ಸಲ ಬಡಿಸ್ಕೊಂಡು.

ಉಪಾಯ ಇಷ್ಟೇ, ಬರೀ ಮಂಡಕ್ಕಿಗೆ ಈರುಳ್ಳಿ, ಟೊಮ್ಯಾಟೊ, ಕೊತ್ತಂಬರಿ, ಹಸಿಮೆಣಸಿನಕಾಯಿ, ಲಿಂಬೆಹಣ್ಣು, ಒಂದು ಚಮಚ ಹುರಿಗಡಲೆ ಪುಡಿ ಹಾಕಿ ಮನೇಲೇ ಕಲಸ್ಕೊಳ್ಳಿ. ನರ್ಗಿಸ್ ಮಂಡಕ್ಕಿ ಮುಂದೆ ಇದು ಏನೂ ಅಲ್ಲ ಅಂತ ನನಗೂ ಗೊತ್ತು. ಮಿರ್ಚಿ ಬೇಕೇ ಬೇಕು ಅನ್ನಿಸಿದ ದಿನ ಒಂದು ತಗೊಂಡು, ಅದನ್ನ ರಾತ್ರಿ ಊಟದಲ್ಲಿ ಕಳೀರಿ.

ಅನ್ನ ಬಿಟ್ಟು ಮುದ್ದೆ, ರೊಟ್ಟಿ ತಿಂದ್ರೆ ಹೊಟ್ಟೆ ಕರಗುತ್ತಾ?

ಅಕ್ಕಿ, ರಾಗಿ, ಜೋಳ ಮೂರನ್ನೂ ಹಸಿದಾಗಿ 100 ಗ್ರಾಂ ತೂಗಿದ್ರೆ ಹೆಚ್ಚೂ ಕಮ್ಮಿ 320ರಿಂದ 350 ಕ್ಯಾಲೊರಿ, ಎಲ್ಲಾ ಒಂದೇ ಮನೆ ಮಕ್ಕಳು. ರಾಗೀಲಿ ನಾರು ಜಾಸ್ತಿ, ಕ್ಯಾಲ್ಸಿಯಂ ಅಂತೂ 100 ಗ್ರಾಂಗೆ 340 ಮಿಲಿಗ್ರಾಂಗಿಂತ ಮೇಲೆ, ಜೋಳದಲ್ಲಿ ಪ್ರೋಟೀನ್ 10 ಗ್ರಾಂ. ಹೊಟ್ಟೆ ತುಂಬಿದಂಗೆ ಅನ್ಸುತ್ತೆ, ಹಸಿವು ತಡವಾಗಿ ಆಗುತ್ತೆ, ಅದೇ ಲಾಭ. ಅದು ಬಿಟ್ಟು ಮುದ್ದೆ ತಿಂದ್ರೆ ಕೊಬ್ಬು ಕರಗುತ್ತೆ ಅನ್ನೋದು ಸುಳ್ಳು. ಮುದ್ದೇನ ಅಗಿಯಲ್ಲ, ನುಂಗ್ತೀವಿ, ಎರಡು ಮುದ್ದೆ ಐದು ನಿಮಿಷದಲ್ಲಿ ಮಾಯ ಆಗುತ್ತೆ. ದೊಡ್ಡ ಮುದ್ದೆ ಅಂದ್ರೆ 100 ಗ್ರಾಂ ಹಿಟ್ಟು. ಎರಡು ಮುದ್ದೆ ಉಂಡು "ಅನ್ನ ಮುಟ್ಟಲ್ಲ ಅಣ್ಣ, ಆದ್ರೂ ಇಳೀತಿಲ್ಲ" ಅಂತ ಬಂದೋರನ್ನ ಎಷ್ಟು ಜನ ನೋಡಿದೀನಿ.

ಅನ್ನ ಇಷ್ಟ ಇದ್ರೆ ಅನ್ನನೇ ಉಣ್ಣಿ. ಅಳತೆ ಮಾಡಿ ಹಾಕ್ಕೊಳ್ಳಿ. ಬೇಯಿಸಿದ ಅನ್ನ 100 ಗ್ರಾಂಗೆ 130 ಕ್ಯಾಲೊರಿ.

ಮನೇಲಿ ಎಣ್ಣೆ ಜಾಸ್ತಿ ಹಾಕಲ್ಲ ಅಂತಾರೆ ಅಮ್ಮ. ನಿಜಾನಾ?

ಎಲ್ಲಾ ಅಮ್ಮಂದಿರೂ ಅದೇ ಹೇಳ್ತಾರೆ, ಅವ್ರು ಸುಳ್ಳೂ ಹೇಳ್ತಿಲ್ಲ, ಕೈ ಅಂದಾಜು ಯಾವತ್ತೂ ಅಳತೆ ಮಾಡಿಲ್ಲ ಅಷ್ಟೇ. ನಮ್ಮಮ್ಮನೂ "ನಾನೆಲ್ಲಪ್ಪ ಎಣ್ಣೆ ಹಾಕ್ತೀನಿ, ಪಕ್ಕದ ಮನೇಲಿ ನೋಡು" ಅಂತಿದ್ರು. ಒಂದು ದಿನ ಬದನೆಕಾಯಿ ಪಲ್ಯಕ್ಕೆ ಬಾಂಡ್ಲಿ ಇಟ್ಟಾಗ ನಾನು ಅಡ್ಡ ಬಂದು "ಬಾಂಡ್ಲಿಗೆ ಬೇಡ, ಎಷ್ಟು ಹಾಕ್ತೀಯೋ ಅಷ್ಟನ್ನ ಈ ಲೋಟಕ್ಕೆ ಹಾಕು" ಅಂದೆ. ಕೆಮ್ಮಿನ ಔಷಧಿ ಬಾಟ್ಲಿ ಮುಚ್ಚಳ ಇರುತ್ತಲ್ಲ 10 ಎಂಎಲ್ ಗೆರೆ ಇರೋದು, ಅದ್ರಲ್ಲಿ ಲೋಟದ ಎಣ್ಣೇನ ಅಳೆದೆ. ಏಳು ಮುಚ್ಚಳ. ಬರೀ ಒಂದು ಪಲ್ಯಕ್ಕೆ 70 ಎಂಎಲ್. ಅಮ್ಮ ಎರಡು ಸಲ ಎಣಿಸಿದ್ರು, ಆಮೇಲೆ "ಲೋಟಕ್ಕೆ ಹಾಕುವಾಗ ಕೈ ಜಾರಿತು" ಅಂದ್ರು.

ಇದ್ಯಾಕೆ ಮುಖ್ಯ ಅಂದ್ರೆ ಕಾರ್ಬ್ ಆಗ್ಲಿ ಪ್ರೋಟೀನ್ ಆಗ್ಲಿ ಒಂದು ಗ್ರಾಂಗೆ 4 ಕ್ಯಾಲೊರಿ, ಕೊಬ್ಬು ಮಾತ್ರ 9. ಕಡಲೆ ಎಣ್ಣೆ, ಸೂರ್ಯಕಾಂತಿ, ಕುಸುಬೆ, ಗಾಣದ್ದು, ಪ್ಯಾಕೆಟ್‌ದು, ತುಪ್ಪ, ಯಾವುದಾದ್ರೂ ಲೆಕ್ಕ ಹೆಚ್ಚೂ ಕಮ್ಮಿ ಅದೇ. ಒಂದು ಟೇಬಲ್ ಚಮಚ ಎಣ್ಣೆ 120 ಕ್ಯಾಲೊರಿ, ಅದನ್ನ ನಡೆದು ಕಳೀಬೇಕು ಅಂದ್ರೆ ಕುಂದವಾಡ ಕೆರೆ ದಂಡೇಲಿ ಅರ್ಧ ಗಂಟೆ ಬೇಕು. ನಮ್ಮನೇಲಿ ನಾಲ್ಕು ಜನಕ್ಕೆ ತಿಂಗಳಿಗೆ 5 ಲೀಟರ್ ಖರ್ಚಾಗ್ತಿತ್ತು, ಒಬ್ಬರಿಗೆ ದಿನಕ್ಕೆ 340 ಕ್ಯಾಲೊರಿ ಬರೀ ಎಣ್ಣೆಯಿಂದ. ಈಗ 3 ಲೀಟರ್. ಒಗ್ಗರಣೆಗೆ ಚಮಚ, ರೊಟ್ಟಿಗೆ ಎಣ್ಣೆನೇ ಬೇಡ, ಬದನೆಕಾಯಿಗೆ ಸ್ವಲ್ಪ ನೀರು ಹಾಕಿ ಮುಚ್ಚಳ ಮುಚ್ಚಿ ಬೇಯಿಸ್ತಾರೆ. ರುಚಿ ಸ್ವಲ್ಪ ಕಮ್ಮಿ ಆಯ್ತು ಅಂತ ಅಪ್ಪ ಎರಡು ವಾರ ಗೊಣಗಿದ್ರು, ಆಮೇಲೆ ಸುಮ್ನಾದ್ರು. ನನ್ನ ಅನುಭವದಲ್ಲಿ ಜಿಮ್‌ನಲ್ಲಿ ಗೆಲ್ಲೋರು ಸೋಲೋರು ಇಬ್ರನ್ನೂ ತೀರ್ಮಾನ ಮಾಡೋದು ಅಡುಗೆ ಮನೆ ಎಣ್ಣೆ ಗಿಂಡಿನೇ.

ಇನ್ನೊಂದು ಎಣ್ಣೆ ಬಗ್ಗೆ ಹೇಳಿ ಅಣ್ಣ, ಭಾನುವಾರದ್ದು.

ಎಣ್ಣೆ ಕಮ್ಮಿ ಮಾಡಿ ಅಂದ ತಕ್ಷಣ ಹಿಂದಿನ ಸಾಲಲ್ಲಿ ನಗೋರು ನೀವೇ ತಾನೆ. ಆಲ್ಕೋಹಾಲ್ ಗ್ರಾಂಗೆ 7 ಕ್ಯಾಲೊರಿ. 60 ಎಂಎಲ್ ವಿಸ್ಕಿ ಅಂದ್ರೆ 140, ಅದು ಹೊಟ್ಟೇಲಿ ಇರೋ ತನಕ ಮೈ ಮೊದ್ಲು ಅದನ್ನೇ ಉರಿಸುತ್ತೆ, ಕೊಬ್ಬಿನ ಸರದಿ ಹಿಂದೆ ಬೀಳುತ್ತೆ. ಆದ್ರೆ ಗ್ಲಾಸ್‌ಗಿಂತ ಪಕ್ಕದ ಪ್ಲೇಟ್ ಡೇಂಜರ್, ಚಿಕನ್ ಕಬಾಬ್, ಕಾಂಗ್ರೆಸ್ ಕಡ್ಲೆ, ರಾತ್ರಿ ಹನ್ನೊಂದಕ್ಕೆ ಎಗ್ ರೈಸ್. ಬಿಟ್ರೆ ಬೆಸ್ಟ್.

ನಮ್ಮನೇಲಿ ಮೊಟ್ಟೆನೂ ಬರಂಗಿಲ್ಲ. ಪ್ರೋಟೀನ್ ಎಲ್ಲಿಂದ ತರ್ಲಿ?

ಇದು ನ್ಯಾಯವಾದ ಪ್ರಶ್ನೆ, ಈ ಊರಲ್ಲಿ ಅರ್ಧ ಜನರ ಪ್ರಶ್ನೆ. ಸಾಮಾನ್ಯ ಮನುಷ್ಯನಿಗೆ ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳೋದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಭಾರ ಎತ್ತಿಕೊಂಡು ಊಟ ಕಮ್ಮಿ ಮಾಡಿ ಕೊಬ್ಬು ಇಳಿಸೋರಿಗೆ ಅದು ಸಾಲಲ್ಲ, ಸುಮಾರು 1.6 ಗ್ರಾಂ ಹತ್ರ ಇರ್ಬೇಕು. 75 ಕೆಜಿ ಇದ್ರೆ 120 ಗ್ರಾಂ. ಪ್ರೋಟೀನ್ ಇದ್ರೆ ಹಸಿವು ತಡೆಯುತ್ತೆ, ಸ್ನಾಯು ಉಳಿಯುತ್ತೆ, ಇಡೀ ಆಟ ಇಲ್ಲೇ.

ಬೇಳೆ ಸಾರು ಉಣ್ತೀನಿ ಪ್ರೋಟೀನ್ ಆಯ್ತು ಅನ್ಬೇಡಿ. ಬೇಳೆ ಎಲ್ಲಿತ್ತು ಆ ಸಾರಲ್ಲಿ, ತಳದಲ್ಲಿ ಕೂತಿರುತ್ತೆ, ಮೇಲಿನ ತಿಳಿ ನೀವು ಹಾಕ್ಕೊಂಡಿರ್ತೀರಿ. ಸೌಟನ್ನ ತಳಕ್ಕೆ ಬಿಡಿ. ಹೆಸರುಕಾಳು, ಹುರಳಿ, ಅಲಸಂದೆ, ಮಡಿಕೆಕಾಳು, ಇವೆಲ್ಲ ಒಣದು 100 ಗ್ರಾಂಗೆ 22ರಿಂದ 24 ಗ್ರಾಂ ಪ್ರೋಟೀನ್. ಮೊಳಕೆ ಕಟ್ಟಿದ್ರೆ ತೂಕ ಹೆಚ್ಚಾಗೋದು ನೀರಿಂದ, ಪ್ರೋಟೀನ್ ಡಬಲ್ ಏನೂ ಆಗಲ್ಲ, ಆದ್ರೆ ಜೀರ್ಣಕ್ಕೆ ಸುಲಭ. ಸೋಯಾ ಚಂಕ್ಸ್ ಮಾತ್ರ ರಾಜ, ಒಣದು 100 ಗ್ರಾಂಗೆ 52. ಬಿಸಿನೀರಲ್ಲಿ ನೆನೆಸಿ ಗಟ್ಟಿಯಾಗಿ ಹಿಂಡಿ, ಆ ನೀರು ಚೆಲ್ಲಿ, ಇನ್ನೊಂದ್ಸಲ ನೀರು ಹಾಕಿ ಹಿಂಡಿ, ಆಗ ಆ ವಾಸನೆ ಹೋಗುತ್ತೆ, ಆಮೇಲೆ ಈರುಳ್ಳಿ ಬೆಳ್ಳುಳ್ಳಿ ಖಾರಪುಡಿ ಹಾಕಿ ಹುರೀರಿ. ಹಿಂಡದೇ ಮಾಡಿ ಒದ್ದೆ ಸ್ಪಂಜ್ ತಿಂದಂಗೆ ಆಯ್ತು ಅಂತ ನನಗೆ ಬೈಯ್ಬೇಡಿ.

ಶೇಂಗಾ ಪ್ರೋಟೀನ್ ಅಂತ ಮುಷ್ಟಿ ಮುಷ್ಟಿ ತಿನ್ನೋರೇ, ಅದ್ರಲ್ಲಿ 100 ಗ್ರಾಂಗೆ ಪ್ರೋಟೀನ್ 25 ಗ್ರಾಂ ಇದ್ರೆ ಕೊಬ್ಬು 49 ಗ್ರಾಂ ಇದೆ. ರೊಟ್ಟಿ ಜೊತೆ ಒಂದು ಚಮಚ ಶೇಂಗಾ ಚಟ್ನಿಪುಡಿ ಓಕೆ, ಬಟ್ಟಲು ತುಂಬಾ ಅಲ್ಲ. ಹುರಿಗಡಲೆ ಅದಕ್ಕಿಂತ ವಾಸಿ. ಹಾಲು ತಗೊಳ್ಳೋರು ನಂದಿನಿ ನೀಲಿ ಪ್ಯಾಕೆಟ್ ತಗೊಳ್ಳಿ, 3 ಪರ್ಸೆಂಟ್ ಕೊಬ್ಬು. ಎಮ್ಮೆ ಹಾಲಲ್ಲಿ ಅದ್ರ ಡಬಲ್ ಇರುತ್ತೆ.

ಮೊಟ್ಟೆ ತಿನ್ನೋರು ಹಳದಿ ಬಿಸಾಕ್ಬೇಕಾ?

ಪೂರ್ತಿ ಮೊಟ್ಟೆ 6 ಗ್ರಾಂ ಪ್ರೋಟೀನ್, 70-75 ಕ್ಯಾಲೊರಿ. ಒಂದೆರಡು ಹಳದಿ ಸಮೇತ ತಿನ್ನಿ, ಇನ್ನೂ ಬೇಕು ಅಂದ್ರೆ ಬಿಳಿ ಸೇರಿಸಿ. ಕೊಲೆಸ್ಟ್ರಾಲ್ ಜಾಸ್ತಿ ಇದ್ದೋರು ಡಾಕ್ಟರ್ ಕೇಳಿ.

ಬೆಲ್ಲದ ಚಹಾ ಕುಡಿದ್ರೆ ನಡೆಯುತ್ತಲ್ವಾ?

ಸಕ್ಕರೆ 100 ಗ್ರಾಂಗೆ 400, ಬೆಲ್ಲ 380 ಚಿಲ್ಲರೆ. ಇಪ್ಪತ್ತು ಕ್ಯಾಲೊರಿ ಉಳಿಸೋಕೆ ಎರಡು ರೂಪಾಯಿ ಜಾಸ್ತಿ ಕೊಡ್ತಿದೀರಿ. ಅಂಗಡೀಲಿ ಕೂತು ದಿನಕ್ಕೆ ಆರು ಚಹಾ ಕುಡಿಯೋರು, ಸಣ್ಣ ಕಪ್ಪೇ ಆದ್ರೂ ಹಾಲು ಸಕ್ಕರೆ ಸೇರಿ ಒಂದಕ್ಕೆ 60 ಹಿಡಿದ್ರೆ 360 ಆಯ್ತು. ಎರಡಕ್ಕೆ ಇಳಿಸಿ. ಒಬ್ರು ಬರೀ ಇದೊಂದೇ ಬದಲಾಯಿಸಿ ಮೂರು ತಿಂಗಳಲ್ಲಿ ಬೆಲ್ಟ್‌ಗೆ ಹೊಸ ತೂತು ಹೊಡೆಸಿದ್ರು.

ಬೆಳಗ್ಗೆ ಬಿಸಿನೀರು ಲಿಂಬೆ ಜೇನು, ಜೀರಿಗೆ ನೀರು, ಗ್ರೀನ್ ಟೀ?

ಯಾವುದೂ ಕೊಬ್ಬು ಕರಗಿಸಲ್ಲ. ಜೇನು ದೊಡ್ಡ ಚಮಚಕ್ಕೆ 60 ಕ್ಯಾಲೊರಿ ಸೇರಿಸುತ್ತೆ.

ಪ್ಲಾಸ್ಟಿಕ್ ಜಾಕೆಟ್ ಹಾಕ್ಕೊಂಡು ಓಡಿದ್ರೆ ಒಂದೇ ದಿನಕ್ಕೆ ಒಂದೂವರೆ ಕೆಜಿ ಇಳೀತು!

ನೀರು ಇಳೀತು. ಎರಡು ಚೊಂಬು ಕುಡಿದ ಮೇಲೆ ಮತ್ತೆ ತೂಗಿ ನೋಡಿ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಈ ಆಟ ಆಡಿದ್ರೆ ಆಸ್ಪತ್ರೆಗೆ ಹೋಗ್ತೀರಿ, ಹೊಟ್ಟೆಗೆ ಕಟ್ಟೋ ಬೆಲ್ಟೂ ಅದೇ ಕಥೆ.

ಇಂಟರ್ಮಿಟೆಂಟ್ ಫಾಸ್ಟಿಂಗ್ ಒಳ್ಳೇದಾ?

ನಮ್ಮಜ್ಜಿ ಇದಕ್ಕೆ ಒಪ್ಪತ್ತು ಅಂತಿದ್ರು, ಆಪ್ ಇಲ್ಲದೇ ಮಾಡ್ತಿದ್ರು. ತಿನ್ನೋ ಹೊತ್ತು ಕಮ್ಮಿ ಆದ್ರೆ ಕೆಲವ್ರಿಗೆ ತಿನ್ನೋದೂ ಕಮ್ಮಿ ಆಗುತ್ತೆ, ಅಷ್ಟೇ ಅದರ ಮಹಿಮೆ. ಹದಿನಾರು ಗಂಟೆ ಉಪವಾಸ ಇದ್ದು ಆಮೇಲೆ ಬಕಾಸುರನ ಥರ ಕೂತ್ರೆ ಏನೂ ಉಪಯೋಗ ಇಲ್ಲ. ಶ್ರಾವಣ ಸೋಮವಾರದ ಉಪವಾಸ ಅಂತ ಸಾಬಕ್ಕಿ ಕಿಚಡಿ, ಬಾಳೆಹಣ್ಣಿನ ಚಿಪ್ಸ್, ಸಜ್ಜಿಗೆ ತಿಂದು ಮಾಮೂಲಿ ದಿನಕ್ಕಿಂತ ಜಾಸ್ತಿ ಕ್ಯಾಲೊರಿ ಮಾಡ್ಕೊಳ್ಳೋರು ನಮ್ಮನೇಲೇ ಇದಾರೆ. ನಿಮಗೆ ಒಗ್ಗಿದ್ರೆ ಮಾಡಿ, ಇಲ್ಲ ಅಂದ್ರೆ ಮೂರು ಹೊತ್ತು ಅಳತೆಯಲ್ಲಿ ಉಣ್ಣಿ.

ದಿನಾ ಏನೇನು ತಿನ್ಬೇಕು ಒಂದು ಸ್ಯಾಂಪಲ್ ಕೊಡಿ.

ಮೊದ್ಲು ಲೆಕ್ಕ. ನಿಮ್ಮ ತೂಕಾನ 33ರಿಂದ ಗುಣಿಸಿ, ವ್ಯಾಯಾಮ ಮಾಡೋ ಗಂಡಸಿಗೆ ತೂಕ ಹಂಗೇ ನಿಲ್ಲೋಕೆ ಬೇಕಾದ ಕ್ಯಾಲೊರಿ ಅಂದಾಜು ಸಿಗುತ್ತೆ. 78 ಕೆಜಿಗೆ 2570. ಅದ್ರಲ್ಲಿ 400-500 ಕಳೆದ್ರೆ 2100. ಒಂದು ಕೆಜಿ ಕೊಬ್ಬಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತೆ, ದಿನಕ್ಕೆ 500 ಉಳಿದ್ರೆ ಎರಡು ವಾರಕ್ಕೆ ಹತ್ರ ಹತ್ರ ಒಂದು ಕೆಜಿ. ಇದಕ್ಕಿಂತ ಅವಸರ ಬೇಡ.

ಮೊಟ್ಟೆ ಇಲ್ಲದ ಮನೆಗೆ ಹೇಳ್ತೀನಿ. ಜಿಮ್ ಮುಗಿಸಿ ಬಂದು ಒಂದು ಲೋಟ ಹಾಲು, ಸಕ್ಕರೆ ಇಲ್ಲದೇ. ತಿಂಡಿಗೆ ಒಂದು ಜೋಳದ ರೊಟ್ಟಿ, ಒಣದು 50 ಗ್ರಾಂ ಹೆಸರುಕಾಳಿಂದ ಮಾಡಿದ ಪಲ್ಯ, ಅರ್ಧ ಬಟ್ಟಲು ಮೊಸರು. ಮಧ್ಯಾಹ್ನ ಮೀಡಿಯಂ ಮುದ್ದೆ ಒಂದು, ಗಟ್ಟಿ ಬೇಳೆ ಇರೋ ಸೊಪ್ಪಿನ ಸಾರು, ಒಣದು 50 ಗ್ರಾಂ ಸೋಯಾ ಹುರಿದಿದ್ದು, ಜೊತೆಗೆ ಸೌತೆಕಾಯಿ, ಮೂಲಂಗಿ, ಮೆಂತ್ಯ ಸೊಪ್ಪು ಹಸಿದು ಎಷ್ಟಾದ್ರೂ. ಸಾಯಂಕಾಲ ಒಂದು ಮುಷ್ಟಿ ಹುರಿಗಡಲೆ, ಒಂದು ಬಟ್ಟಲು ಮಂಡಕ್ಕಿ. ರಾತ್ರಿ ಎರಡು ಚಪಾತಿ, 75 ಗ್ರಾಂ ಪನೀರ್ ಹಾಕಿದ ತರಕಾರಿ ಪಲ್ಯ. ದಿನಕ್ಕೆ ಎಣ್ಣೆ ನಾಲ್ಕು ಟೀ ಚಮಚ ಮಾತ್ರ. ಕೂಡಿದ್ರೆ 2000 ಆಚೀಚೆ, ಪ್ರೋಟೀನ್ 95ರ ಹತ್ರ. ಇನ್ನು 24 ಗ್ರಾಂ ಬೇಕು ಅಂದ್ರೆ ಒಂದು ಸ್ಕೂಪ್ ಪೌಡರ್. ಚಿಕನ್ ತಿನ್ನೋರಿಗೆ ಇಷ್ಟು ಸರ್ಕಸ್ ಇಲ್ಲ, ಚರ್ಮ ತೆಗೆದ ಎದೆ ಮಾಂಸ ಬೇಯಿಸಿದ್ದು 100 ಗ್ರಾಂಗೆ 30 ಗ್ರಾಂ ಪ್ರೋಟೀನ್ ಬಂದುಬಿಡುತ್ತೆ, ಆದ್ರೆ ಕಬಾಬ್ ಮಾಡಿ ಎಣ್ಣೇಲಿ ಮುಳುಗಿಸ್ಬೇಡಿ.

ಮೊದಲ ಒಂದು ತಿಂಗಳು ತೂಗಿ ತಿನ್ನಿ, ಆಮೇಲೆ ಕಣ್ಣಿಗೇ ಅಳತೆ ಬರುತ್ತೆ.

ಪ್ರೋಟೀನ್ ಪೌಡರ್ ತಗೊಂಡ್ರೆ ಕಿಡ್ನಿ ಹೋಗುತ್ತಂತೆ?

ವೇ ಅಂದ್ರೆ ಪನೀರ್ ಮಾಡುವಾಗ ಉಳಿಯೋ ನೀರು ಇದ್ಯಲ್ಲ ಆ ಥರದ್ದನ್ನೇ ಒಣಗಿಸಿದ ಪುಡಿ. ಆರೋಗ್ಯವಾಗಿರೋ ಕಿಡ್ನಿಗೆ ಅಳತೇಲಿ ತಗೊಂಡ್ರೆ ತೊಂದ್ರೆ ಇಲ್ಲ, ಕಿಡ್ನಿ ಸಮಸ್ಯೆ ಮೊದ್ಲೇ ಇದ್ದೋರು ಮುಟ್ಬೇಡಿ. ನಿಜವಾದ ಭಯ ಡುಪ್ಲಿಕೇಟ್‌ದು. ನಾನು ಒಂದ್ಸಲ ಅರ್ಧ ರೇಟಿಗೆ ಸಿಗ್ತು ಅಂತ ದೊಡ್ಡ ಡಬ್ಬ ತಂದೆ, ಅಂಗಡಿ ಹೆಸರು ಬೇಡ ಬಿಡಿ. ನೀರಿಗೆ ಹಾಕಿದ್ರೆ ಮೈದಾ ಥರ ಗಂಟು ಗಂಟು, ಕುಡಿದು ಎರಡು ದಿನ ಹೊಟ್ಟೆ ಕೆಟ್ಟು ಕೂತೆ, ವಾಪಸ್ ಕೇಳಿದ್ರೆ ಡಬ್ಬ ಓಪನ್ ಆಗಿದೆ ಅಂದ್ರು. ಬಿಲ್ ತಗೊಳ್ಳಿ, ಡಬ್ಬದ ಮೇಲೆ ಎಫ್ಎಸ್ಎಸ್ಎಐ (ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ನೋಡಿ. ಫ್ಯಾಟ್ ಬರ್ನರ್ ಮಾತ್ರೆ, ಇಂಜೆಕ್ಷನ್ ಅಂತ ಯಾರಾದ್ರೂ ಕಿವೀಲಿ ಹೇಳಿದ್ರೆ ಆ ಕಡೆ ತಲೆ ಹಾಕಿನೂ ಮಲಗ್ಬೇಡಿ.

ಮೂರು ವಾರ ಇಳೀತು, ಈಗ ತೂಕ ನಿಂತೇ ಹೋಯ್ತು.

ಮೊದಲ ವಾರ ಇಳಿದಿದ್ದು ಹೆಚ್ಚಿನದು ನೀರು. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ (ಅನ್ನ, ರೊಟ್ಟಿಯಿಂದ ಬಂದ ಸಕ್ಕರೆಯ ದಾಸ್ತಾನು) ಒಂದು ಗ್ರಾಂ ಜೊತೆ ಮೂರು ಗ್ರಾಂ ನೀರು ಅಂಟಿಕೊಂಡಿರುತ್ತೆ, ಅನ್ನ ಕಮ್ಮಿ ಆದ್ರೆ ಎರಡೂ ಹೋಗ್ತವೆ. ಅದನ್ನ ನೋಡಿ ಖುಷಿಪಟ್ಟಿದ್ದೇ ತಪ್ಪು. ನಿನ್ನೆ ಉಪ್ಪಿನಕಾಯಿ ಜಾಸ್ತಿ ತಿಂದ್ರೂ ಇವತ್ತು ಒಂದು ಕೆಜಿ ಜಾಸ್ತಿ ತೋರಿಸುತ್ತೆ. ದಿನಾ ಬೆಳಗ್ಗೆ ಸಂಡಾಸಿಗೆ ಹೋಗಿ ಬಂದು ತೂಗಿ, ಏಳು ದಿನದ್ದು ಕೂಡಿ ಏಳರಿಂದ ಭಾಗಿಸಿ, ಆ ನಂಬರ್ ಮಾತ್ರ ನೋಡಿ. ಜೊತೆಗೆ ಟೈಲರ್ ಟೇಪ್‌ನಿಂದ ಹೊಕ್ಕಳ ಹತ್ರ ಸುತ್ತಳತೆ, ಹೊಟ್ಟೆ ಒಳಗೆ ಎಳ್ಕೊಳ್ಳದೇ. ನಮ್ಮ ದೇಶದೋರಿಗೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ರೆ ಶುಗರ್, ಹಾರ್ಟಿನ ಅಪಾಯ ಜಾಸ್ತಿ ಅಂತ ಲೆಕ್ಕ, ಪ್ಯಾಕ್ ಕಥೆ ಆಮೇಲೆ, ಮೊದ್ಲು ಅದ್ರ ಕೆಳಗೆ ಬನ್ನಿ.

ತೂಕ, ಸುತ್ತಳತೆ ಎರಡೂ ಮೂರು ವಾರ ಅಲ್ಲಾಡ್ಲಿಲ್ಲ ಅಂದ್ರೆ ಎಲ್ಲೋ ಲೆಕ್ಕಕ್ಕೆ ಬರದ ತಿಂಡಿ ಇದೆ. ಮಗು ತಟ್ಟೇಲಿ ಉಳಿಸಿದ್ದು, ಅಡುಗೆ ರುಚಿ ನೋಡಿದ್ದು, ಅಂಗಡೀಲಿ ಕೊಟ್ಟ ಪೇಡೆ. ಅದೂ ಇಲ್ಲ ಅಂದ್ರೆ 100-150 ಕ್ಯಾಲೊರಿ ಇನ್ನೂ ಕಮ್ಮಿ ಮಾಡಿ ಅಥವಾ ಅರ್ಧ ಗಂಟೆ ಜಾಸ್ತಿ ನಡೀರಿ. ನಿದ್ದೆನೂ ನೋಡ್ಕೊಳ್ಳಿ, ಐದು ಗಂಟೆ ಮಲಗೋನಿಗೆ ಮಾರನೇ ದಿನ ಹಸಿವು ಹಿಡಿಯೋಕಾಗಲ್ಲ.

ದುಗ್ಗಮ್ಮನ ಜಾತ್ರೆ, ಮದುವೆ ಸೀಸನ್ ಬಂದ್ರೆ ಏನ್ಮಾಡೋದು?

ಜಾತ್ರೆ ಬರೋದು ಎರಡು ವರ್ಷಕ್ಕೊಂದ್ಸಲ, ಉಣ್ರಿ. ನೆಂಟರ ಮುಂದೆ ಡಬ್ಬಿ ತೆಗೆದು ಬೇಯಿಸಿದ ಸೋಯಾ ತಿನ್ನೋ ಅವತಾರ ಬೇಡ. ಆದ್ರೆ ಜಾತ್ರೆ ಮೂರು ದಿನ ಇದ್ರೆ ನಿಮ್ಮ ಜಾತ್ರೆ ಮೂರು ವಾರ ಇರ್ಬಾರ್ದು, ಅಲ್ಲೇ ಎಡವೋದು. ಮದುವೆ ಊಟಕ್ಕೆ ಹಸಿದು ಹೋಗ್ಬೇಡಿ, ಮನೇಲಿ ಒಂದು ದೊಡ್ಡ ಲೋಟ ಮಜ್ಜಿಗೆ ಕುಡಿದು ಹೋಗಿ. ಎಲೇಲಿ ಮೊದ್ಲು ಕೋಸಂಬರಿ, ಪಲ್ಯ, ಆಮೇಲೆ ಒಂದು ಹೋಳಿಗೆ ತುಪ್ಪ ಹಾಕಿಸ್ಕೊಂಡು ಸಮಾಧಾನವಾಗಿ. ಎರಡನೇ ಹೋಳಿಗೆ ಬಂದಾಗ ಎರಡೂ ಕೈ ಅಡ್ಡ ಹಿಡೀರಿ, ಒಂದು ಕೈ ಹಿಡಿದ್ರೆ ಬಡಿಸೋರು ಬಿಡಲ್ಲ.

ಹೆಣ್ಣುಮಕ್ಕಳಿಗೂ ಇದೇ ಲೆಕ್ಕಾನಾ?

ರೀತಿ ಅದೇ, ನಂಬರ್ ಬೇರೆ. ಹೆಂಗಸರ ಮೈಗೆ ಕೊಬ್ಬು ಜಾಸ್ತಿ ಬೇಕು, 18-20 ಪರ್ಸೆಂಟ್‌ಗೇ ಹೊಟ್ಟೆ ಗೆರೆ ಕಾಣುತ್ತೆ, ಗಂಡಸರ ನಂಬರ್ ಹಿಂದೆ ಬೀಳ್ಬೇಡಿ. ಊಟ ತುಂಬಾ ಕಮ್ಮಿ ಮಾಡಿ ಮುಟ್ಟು ನಿಂತ್ರೆ ಅದು ಡಯಟ್ ಸಕ್ಸಸ್ ಅಲ್ಲ ಅಕ್ಕ, ಮೈ ಕೂಗ್ತಿದೆ, ತಕ್ಷಣ ಊಟ ಹೆಚ್ಚಿಸಿ ಡಾಕ್ಟರ್ ನೋಡಿ. ಹೆರಿಗೆ ಆದೋರಿಗೆ ಮಧ್ಯದ ಗೆರೆ ಅಗಲ ಆಗಿ ಹೊಟ್ಟೆ ಮುಂದೆ ಬಂದಿರ್ಬಹುದು, ಅದು ಕೊಬ್ಬಲ್ಲ, ಕ್ರಂಚಸ್ ಹೊಡೆದ್ರೆ ಕೆಲವೊಮ್ಮೆ ಹೆಚ್ಚಾಗುತ್ತೆ, ಫಿಸಿಯೋ ಹತ್ರ ತೋರಿಸಿ.

ನಂದು ನಾಲ್ಕೇ ಕಾಣ್ತವೆ, ಅದೂ ಸೊಟ್ಟ. ಏನ್ ಮಾಡ್ಲಿ?

ಆ ಅಡ್ಡ ಪಟ್ಟಿಗಳು ಎಷ್ಟು, ಎಲ್ಲಿ, ನೇರನಾ ಸೊಟ್ಟನಾ ಅನ್ನೋದು ಹುಟ್ಟಿನಿಂದ ಬಂದಿದ್ದು. ಕೆಲವ್ರಿಗೆ ನಾಲ್ಕು, ಹೆಚ್ಚಿನೋರಿಗೆ ಆರು, ಅಪರೂಪಕ್ಕೆ ಎಂಟು. ಅಪ್ಪ ಅಮ್ಮನ ಜೊತೆ ಜಗಳ ಆಡಿ.

ಒಂದ್ಸಲ ಬಂದ್ರೆ ಹಂಗೇ ಇರುತ್ತಾ?

ಇರಲ್ಲ. ನನ್ನದೇ ಹೇಳ್ತೀನಿ. ಇಪ್ಪತ್ತಾರನೇ ವಯಸ್ಸಲ್ಲಿ ಒಂದು ಫೋಟೋಗೋಸ್ಕರ ಐದು ತಿಂಗಳು ಬರೀ ಬೇಯಿಸಿದ ಚಿಕನ್, ಸೌತೆಕಾಯಿ. ಕೊನೆ ಎರಡು ದಿನ ನೀರೂ ಕಮ್ಮಿ ಮಾಡಿದ್ದೆ, ಯಾರೋ ಹೇಳಿದ್ರು ಅಂತ. ಮೇ ತಿಂಗಳಲ್ಲೂ ಚಳಿ ಆಗ್ತಿತ್ತು, ಬಾಚಣಿಗೆ ತುಂಬಾ ಕೂದಲು, ತಂಗಿ ಜೊತೆ ಟಿವಿ ರಿಮೋಟ್‌ಗೆ ಕೂಗಾಡಿದೀನಿ. ಫೋಟೋ ಚೆನ್ನಾಗಿ ಬಂತು, ಸುಳ್ಳು ಹೇಳಲ್ಲ. ಫೋಟೋ ತೆಗೆದು ಸ್ಟುಡಿಯೋ ಮೆಟ್ಟಿಲು ಇಳಿಯುವಾಗ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ, ಜ್ಯೂಸ್ ಅಂಗಡಿಯವ್ರು ಓಡಿ ಬಂದು ಕಬ್ಬಿನ ಹಾಲು ಕುಡಿಸಿದ್ರು. ಆಮೇಲೆ ಮೂರು ತಿಂಗಳಲ್ಲಿ ಒಂಬತ್ತು ಕೆಜಿ ವಾಪಸ್, ಬಡ್ಡಿ ಸಮೇತ.

ಎರಡನೇ ಸಲ ಏಳು ತಿಂಗಳು ತಗೊಂಡೆ, ರೊಟ್ಟಿ, ಕಾಳು, ವಾರಕ್ಕೊಂದು ದೋಸೆ ಇಟ್ಕೊಂಡೇ. ಅದು ಹೆಚ್ಚೂ ಕಮ್ಮಿ ಉಳಿದಿದೆ.

ಹಂಗಾದ್ರೆ ಈಗ ನಿಮಗೆ ಆರೂ ಇದಾವಾ ಅಣ್ಣ?

ಮೇಲಿನ ನಾಲ್ಕು ಇದಾವೆ. ಕೆಳಗಿನ ಎರಡರ ವಿಷಯ ಮಾವಿನಹಣ್ಣಿನ ಸೀಸನ್ ಮುಗಿದ ಮೇಲೆ ಕೇಳು.